ಬಸ್ಸಿಗೆ ಹೋದರೆ ಮರ್ಯಾದೆ ಕಡಿಮೆಯೇ?

(ಕಲಿಕಾ ಕೇಂದ್ರದ ಮಹಿಳಾ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಬಸ್ಸಿನ ವಿಷಯ ಮಾತಾಡೋಣ. ಬಸ್ಸಿನಲ್ಲಿ ಮಾತಾಡುವಂಥದ್ದು ಏನಿದೆ ಅಂತ ನಗಬೇಡಿ. ಇದೆ.

ಹೋದ ತಿಂಗಳು ನಮ್ಮೂರಿನ ಒಂದು ಮನೆಗೆ ಹೆಣ್ಣು ನೋಡೋಕೆ ಬಂದರು. ಗಂಡು, ಅವನ ತಾಯಿ, ಸೋದರಮಾವ. ಮೂವರೂ ಹತ್ತೂವರೆ ಬಸ್ಸಿಗೆ ಬಂದು ಇಳಿದರು. ನಲ್ಲಿ ಹತ್ತಿರ ನೀರು ಹಿಡಿಯುತ್ತಿದ್ದ ನಾವು ಮುಖ ಮುಖ ನೋಡಿಕೊಂಡೆವು. "ಪಾಪ, ಒಂದು ಬೈಕೂ ಇಲ್ಲವೇನೋ" ಅಂದೆವು. ಹುಡುಗ ಏನು ಓದಿದ್ದಾನೆ? ಕುಡಿಯುತ್ತಾನಾ? ಅದನ್ನು ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಬಂದ ಅನ್ನೋದೇ ದೊಡ್ಡ ಕುಂದಾಯಿತು. ಸುಳ್ಳು ಯಾಕೆ ಹೇಳಬೇಕು? ಹಾಗೆ ಅಂದವರಲ್ಲಿ ನಾವೂ ಇದ್ದೆವು.

ನಮ್ಮ ಅಜ್ಜಿಯರ ಕಾಲದಲ್ಲಿ ಹೀಗಿರಲಿಲ್ಲ. ಊರಿಗೆ ಮೊದಲ ಬಸ್ಸು ಬಂದ ದಿನ ಮಾವಿನ ತೋರಣ ಕಟ್ಟಿ, ಕಾಯಿ ಒಡೆದು, ಆರತಿ ಎತ್ತಿದ್ದರಂತೆ. ಆಗಿನ ಮೈಸೂರು ರಾಜ್ಯದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು. ಅವತ್ತು ಇದ್ದದ್ದು ಬರೀ 120 ಬಸ್ಸು. ಬಸ್ಸು ಬರುವ ಊರು ಅಂದರೆ ಹೆಣ್ಣು ಕೊಡುವವರಿಗೆ ಧೈರ್ಯ. ಆಮೇಲೆ ಬೈಕು ಬಂತು. ವರದಕ್ಷಿಣೆಯಲ್ಲೂ ಬಂತು. ಬೈಕು ಇದ್ದವರು ದೊಡ್ಡವರಾದರು. ಬಸ್ಸು ಇಲ್ಲದವರ ಪಾಲಾಯಿತು.

ಮನೆಯಲ್ಲಿ ಬೈಕು ಇದೆ. ಸರಿ. ಅದರ ಬೀಗದ ಕೈ ಯಾರ ಜೇಬಿನಲ್ಲಿದೆ?

ನಮ್ಮ ಬೀದಿಯ ಒಬ್ಬ ತಾಯಿಯ ಕಥೆ ಕೇಳಿ. ಮಗುವಿಗೆ ಜ್ವರ ಸುಡುತ್ತಿತ್ತು. ಗಂಡ ಬೈಕು ಹತ್ತಿ ಕೆಲಸದ ಮೇಲೆ ಹೋಗಿದ್ದ. ಮನೆಯ ಮುಂದೆಯೇ ಎರಡು ಬಸ್ಸು ಹೋದವು. "ಮನೇಲಿ ಬೈಕು ಇಟ್ಕೊಂಡು ಬಸ್ಸಿಗೆ ಹೋದರೆ ಜನ ಏನಂತಾರೆ? ಅವನು ಬರಲಿ" ಅಂದರು ಅತ್ತೆ. ಅವನು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮಗು ಉಳಿಯಿತು. ಆದರೆ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅವತ್ತು ಆ ಜನ ಯಾರೂ ಬಂದು ಒಂದು ಲೋಟ ಗಂಜಿ ಕೊಡಲಿಲ್ಲ.

ಬೈಕಿನ ಖರ್ಚನ್ನೂ ಲೆಕ್ಕ ಹಾಕಿ. ಈಗ ನಿಮಗೆ ಲೆಕ್ಕ ಬರುತ್ತದಲ್ಲ! ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದೆ. ಪೇಟೆ 20 ಕಿಲೋಮೀಟರ್. ಹೋಗಿ ಬಂದರೆ 40. ಲೀಟರಿಗೆ 50 ಓಡುವ ಬೈಕಾದರೂ 80 ರೂಪಾಯಿ ಹೋಯಿತು. ತಿಂಗಳ ಕಂತು ಬೇರೆ. ಹಿಂದೆ ಒಂದು ಪಕ್ಕಕ್ಕೆ ಕೂತು, ಮಡಿಲಲ್ಲಿ ಮಗು ಇಟ್ಟುಕೊಂಡು, ಸೆರಗು ಚಕ್ರಕ್ಕೆ ಸಿಕ್ಕೀತೆಂದು ಭಯಪಡುವವರು ನಾವೇ. ಹೆಂಗಸರು ಗಾಡಿ ಓಡಿಸಬಾರದು ಅಂತ ನಾವು ಹೇಳೋದಿಲ್ಲ. ಕಲಿತವರು ಧೈರ್ಯವಾಗಿ ಓಡಿಸಲಿ. ಆದರೆ ಇನ್ನೊಬ್ಬರ ಗಾಡಿಗೆ ಕಾಯುತ್ತಾ ಕೂರೋದು ಬೇಡ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸಕ್ಕೆ, ಏಸಿ ಬಸ್ಸಿಗೆ, ಖಾಸಗಿ ಬಸ್ಸಿಗೆ ಇದು ನಡೆಯೋದಿಲ್ಲ. ಹತ್ತುವ ಮುಂಚೆ ಬೋರ್ಡು ಓದಿ. ಮೊದಲೆಲ್ಲ "ಅಣ್ಣಾ, ಇದು ಎಲ್ಲಿಗೆ ಹೋಗ್ತದೆ?" ಅಂತ ಕೇಳುತ್ತಿದ್ದೆವು. ಈಗ ನಮ್ಮ ಕಣ್ಣೇ ಹೇಳುತ್ತದೆ.

"ಬಿಟ್ಟಿ ಬಸ್ಸು ಅಂತ ಹೆಂಗಸರು ಸುಮ್ಮನೆ ತಿರುಗ್ತಾರೆ" ಅಂತ ಕಟ್ಟೆ ಮೇಲೆ ಕೂತವರು ಆಡಿಕೊಳ್ಳುತ್ತಾರೆ. ನಾವು ಸೋಪು ಕೊಳ್ಳುತ್ತೇವೆ, ಸೀರೆ ಕೊಳ್ಳುತ್ತೇವೆ. ಆ ಬೆಲೆಯಲ್ಲೇ ತೆರಿಗೆ ಸೇರಿದೆ. ಸರ್ಕಾರದ ದುಡ್ಡಿನಲ್ಲಿ ನಮ್ಮದೂ ಇದೆ. ಇನ್ನು ಸುಮ್ಮನೆ ತಿರುಗಿದರೆ ತಾನೇ ಏನು? ತವರಿಗೆ ಹೋಗಿ ತಾಯಿ ಮುಖ ನೋಡಿ ಬಂದರೆ ಅದೇನು ತಪ್ಪೇ?

ಒಂದು ಮಾತು ನೆನಪಿಡಿ. ಸೊನ್ನೆ ರೂಪಾಯಿ ಟಿಕೆಟ್ಟಾದರೂ ಕೇಳಿ ತಗೊಳ್ಳಿ. ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ಕೊಡಬೇಕು. ಟಿಕೆಟ್ಟು ತಗೊಳ್ಳದಿದ್ದರೆ ನಾವು ಹತ್ತಿದ ಲೆಕ್ಕವೇ ಇಲ್ಲ. ಲೆಕ್ಕವಿಲ್ಲದ ಊರಿಗೆ ಬಸ್ಸು ಯಾಕೆ ಬರುತ್ತದೆ?

ಬಸ್ಸಿನಲ್ಲಿ ಎಲ್ಲಾ ಸುಖ ಅಂತ ಅಲ್ಲ. ನೂಕುನುಗ್ಗಲು ಇದೆ. ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋಗುವವರಿದ್ದಾರೆ. ಈಗ ಅದಕ್ಕಿಂತ ದೊಡ್ಡ ತೊಂದರೆ ಬಂದಿದೆ. ಸಂಜೆ ಐದೂವರೆ ಬಸ್ಸು ಎರಡು ತಿಂಗಳಿಂದ ನಮ್ಮೂರಿಗೆ ಬರುತ್ತಿಲ್ಲ. ಪೇಟೆ ಕಾಲೇಜಿಗೆ ಹೋಗುವ ನಮ್ಮ ಏಳು ಹುಡುಗಿಯರು ಕೈಮರದಿಂದ ಮೂರು ಕಿಲೋಮೀಟರ್ ಕತ್ತಲಲ್ಲಿ ನಡೆದು ಬರುತ್ತಿದ್ದಾರೆ. ಒಬ್ಬಳನ್ನು ಆಗಲೇ ಬಿಡಿಸಿದ್ದಾರೆ. ಇನ್ನೊಬ್ಬಳ ಅಪ್ಪ "ಬೈಕು ಇದ್ದವರು ಓದಿಸಲಿ, ನಮಗ್ಯಾಕೆ?" ಅನ್ನುತ್ತಿದ್ದಾನೆ.

ಆ ಬಸ್ಸು ಯಾಕೆ ನಿಂತಿತು ಅಂತ ಬೈಕಿರುವ ಮನೆಯವರು ಒಬ್ಬರೂ ಕೇಳಲಿಲ್ಲ. ಅವರಿಗೆ ಬೇಕಿರಲಿಲ್ಲ. ನಾವೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆವು.

ಈಗ ಅರ್ಜಿ ಬರೆದಿದ್ದೇವೆ. ಈ ಕೇಂದ್ರದಲ್ಲೇ ಕೂತು, ತಪ್ಪು ತಿದ್ದಿ, ಮೂರು ಸಲ ಬರೆದೆವು. ಇಪ್ಪತ್ತೆಂಟು ಜನ ಸಹಿ ಹಾಕಿದ್ದಾರೆ. ಹೆಬ್ಬೆಟ್ಟು ಒಂದೂ ಇಲ್ಲ. ಸೋಮವಾರ ಡಿಪೋಗೆ ಹೋಗಿ ಮ್ಯಾನೇಜರ ಕೈಗೆ ಕೊಡಬೇಕು. ಕೊಟ್ಟದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಬೇಕು.

ಬೆಳಗ್ಗೆ ಎಂಟೂವರೆ ಬಸ್ಸಿಗೆ ಹೊರಡೋಣ. ಬೈಕಿರುವ ಮನೆಯ ಅಕ್ಕಂದಿರೂ ಬನ್ನಿ. ಗುರುತಿನ ಚೀಟಿ ಮರೆಯಬೇಡಿ.