ಕ್ಯಾಮೆರಾ ನಿಷ್ಠೆಯ ಗುಟ್ಟು ಬ್ಯಾಗಿನಲ್ಲಿದೆ

ನಾಗಸಂದ್ರದ ಕಡೆ ಮದುವೆ ಶೂಟ್ ಮಾಡೋ ಹುಡುಗರನ್ನ ‘ಕ್ಯಾನನ್ನಾ, ನಿಕಾನಾ?’ ಅಂತ ಕೇಳಿ ನೋಡಿ. ಅಭಿಮಾನಿ ಸಂಘದವರ ಥರ ವಾದಕ್ಕೇ ನಿಲ್ತಾರೆ. ಆದರೆ ಆ ನಿಷ್ಠೆ ಹೆಸರಿಗಿಂತ ಹೆಚ್ಚಾಗಿ ಬ್ಯಾಗಿನಲ್ಲಿರೋ ಲೆನ್ಸ್‌ಗಳ ಮೇಲೆ.

ಲೆನ್ಸ್ ಕೂರುವ ಜಾಗಕ್ಕೆ ಮೌಂಟ್ ಅಂತಾರೆ. ಕ್ಯಾನನ್ ಲೆನ್ಸ್ ನಿಕಾನ್ ಬಾಡಿಗೆ ನೇರವಾಗಿ ಕೂರಲ್ಲ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನ ದಶಕಗಳ ಕಾಲ ಉಳಿಸಿಕೊಳ್ತು. ಕ್ಯಾನನ್ 1987ರಲ್ಲಿ ಎಫ್‌ಡಿ ಬಿಟ್ಟು ಇಎಫ್ ತಂತು. ಹೊಸ ಬಾಡಿಗೆ ಹಳೇ ಲೆನ್ಸ್ ಕೂರಲಿಲ್ಲ. 2018ರಲ್ಲಿ ಇಬ್ಬರೂ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದರು, ಜೊತೆಗೇ ಹಳೇ ಲೆನ್ಸ್‌ಗೆ ಅಡಾಪ್ಟರ್ ಕೊಟ್ಟರು. ಗಿರಾಕಿ ಕೈತಪ್ಪಬಾರದಲ್ವಾ!

ಇನ್ನೊಂದು ಕಾರಣ, ಗೆಳೆಯರು. ಮುಹೂರ್ತದ ಹೊತ್ತಿಗೆ ಲೆನ್ಸ್ ಕೈಕೊಟ್ರೆ ಜೊತೆಯವರ ಹತ್ರ ಇಸ್ಕೋಬೇಕು. ಮೌಂಟ್ ಒಂದೇ ಆಗಿದ್ರೆ ಬಚಾವ್. ‘ತಾಳಿ ಇನ್ನೊಂದ್ಸಲ ಕಟ್ಟಿ’ ಅನ್ನೋಕಾಗುತ್ತಾ?

ಹಾಗಾಗಿ ಇಎಂಐಗೆ ಸಹಿ ಹಾಕೋ ಮುಂಚೆ ರಿವ್ಯೂ ಜೊತೆಗೆ, ನೀವು ಯಾರ ಜೊತೆ ಕೆಲಸ ಮಾಡ್ತೀರೋ ಅವರ ಬ್ಯಾಗನ್ನೂ ನೋಡಿ. ಬಾಡಿ ಬದಲಾಗ್ತಾ ಇರುತ್ತೆ. ಒಳ್ಳೇ ಲೆನ್ಸ್ ಬಹಳ ವರ್ಷ ಬಾಳುತ್ತೆ.