ಯಂತ್ರಕ್ಕೆ ಪಾಠ ಹೇಳುವವರು ಯಾರು?

(ಶೈಕ್ಷಣಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2021ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಅಬೂಬಕರ್ ಆಬಿದ್ ಮತ್ತು ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ‘ಜಿಪಿಟಿ-3’ ಎಂಬ ಕೃತಕ ಬುದ್ಧಿಮತ್ತೆಗೆ ಇಬ್ಬರು ಮುಸ್ಲಿಮರು ಒಂದೆಡೆಗೆ ಬಂದರೆಂಬ ಅರ್ಧ ವಾಕ್ಯವನ್ನು ಕೊಟ್ಟು ಪೂರ್ತಿಗೊಳಿಸಲು ಹೇಳಿದಾಗ, ನೂರರಲ್ಲಿ 66 ಬಾರಿ ಅದು ಹಿಂಸೆಯ ಮಾತನ್ನೇ ಜೋಡಿಸಿತು. ಯಂತ್ರಕ್ಕೆ ಸ್ವಂತ ದ್ವೇಷವಿಲ್ಲ. ಮನುಷ್ಯರು ಬರೆದದ್ದನ್ನು ಅದು ಕಲಿತಿತ್ತು, ಅಷ್ಟೆ. ವಾಕ್ಯದ ಮೊದಲು ಮುಸ್ಲಿಮರ ಬಗ್ಗೆ ಒಳ್ಳೆಯ ಮಾತೊಂದನ್ನು ಸೇರಿಸಿದರೆ ಹಿಂಸೆಯ ಪ್ರಮಾಣವು 20ರ ತನಕ ಇಳಿಯುತ್ತದೆಂದೂ ಅವರು ತೋರಿಸಿಕೊಟ್ಟರು.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಒಂದು ಖಂಡನಾ ಹೇಳಿಕೆ ಕೊಟ್ಟು ಸುಮ್ಮನಾಗುತ್ತಿದ್ದೆವು. ಅನ್ಯಾಯವನ್ನು ಅಳೆದು ತೋರಿಸಲು ಆ ವಿದ್ಯೆಯೇ ಗೊತ್ತಿರಬೇಕು.

20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಅಂದು ಓದು ನಿಲ್ಲಿಸಿದವರು ಇಂದು ಅಂಗಡಿಗಳಲ್ಲಿದ್ದಾರೆ, ಗಲ್ಫ್‌ನಿಂದ ಮರಳಿದ್ದಾರೆ, ಮದುವೆಯಾಗಿ ಮನೆ ನಡೆಸುತ್ತಿದ್ದಾರೆ. ಇನ್ನೇನು ಓದು ಎಂದು ಅವರು ಕೇಳುತ್ತಾರೆ. ಆದರೆ ಬಾಗಿಲು ಮುಚ್ಚಿಲ್ಲ. ಮದ್ರಾಸ್ ಐಐಟಿಯು 2020ರಲ್ಲಿ ಆನ್‌ಲೈನ್ ಪದವಿ ಶಿಕ್ಷಣವನ್ನು ಆರಂಭಿಸಿತು. ಅದಕ್ಕೆ ಜೆಇಇ ಬೇಕಾಗಿಲ್ಲ, ವಯಸ್ಸಿನ ಮಿತಿಯಿಲ್ಲ. ಪಿಯುಸಿಯಲ್ಲಿ ಕಲೆ, ವಾಣಿಜ್ಯ ಓದಿದವರೂ ಅರ್ಹತಾ ಹಂತವನ್ನು ದಾಟಿ ಸೇರಬಹುದು. ಗಣಿತ, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್‌ಗಳಿಂದ ಆರಂಭಿಸಿ ಯಂತ್ರಕಲಿಕೆಯವರೆಗೆ ಪಾಠಗಳಿವೆ. ನಡುವೆ ನಿಲ್ಲಿಸಬೇಕಾಗಿ ಬಂದರೂ ಮುಗಿಸಿದ ಹಂತದ ಪ್ರಮಾಣಪತ್ರ ಸಿಗುತ್ತದೆ. ‘ಇಗ್ನೋ’ದಲ್ಲಿ ದೂರಶಿಕ್ಷಣದ ಮೂಲಕ ಬಿಸಿಎ, ಎಂಸಿಎ ಕಲಿಯಬಹುದು. ಏಕಕಾಲದಲ್ಲಿ ಎರಡು ಪದವಿಗಳಿಗೆ ಓದಲು 2022ರಲ್ಲಿ ಯುಜಿಸಿ ಅನುಮತಿ ನೀಡಿದೆ.

ಇದು ಸುಲಭವೆಂದು ನಾವು ಹೇಳಲಾರೆವು. ಮದ್ರಸದಿಂದ ಕಲಾ ಪದವಿಗೆ ಹೋದ ನಮ್ಮಂಥವರಿಗೆ ಗಣಿತವೆಂದರೆ ಈಗಲೂ ಭಯವೇ. ದುಡಿದು ದಣಿದು ಬಂದವನಿಗೆ ಪಾಠದ ಮುಂದೆ ನಿದ್ದೆ ಬರುತ್ತದೆ. ಆದ್ದರಿಂದ ಇದು ಕಲಿಯುವವರೊಬ್ಬರ ಹೊಣೆಯಲ್ಲ. ಸೊಸೆ ಓದಲು ಕುಳಿತಾಗ ಅಡುಗೆಮನೆಯ ಕೆಲಸವನ್ನು ಮನೆಯವರೆಲ್ಲರೂ ಹಂಚಿಕೊಳ್ಳಬೇಕು. ಇಶಾ ನಮಾಝಿನ ಬಳಿಕ ಬೀಗ ಬೀಳುವ ಮದ್ರಸದ ಒಂದು ಕೋಣೆಯನ್ನು ಜಮಾಅತಿನವರು ಇಂಟರ್‌ನೆಟ್ ಸಹಿತ ತೆರೆದಿಡಬೇಕು. ಮದುವೆಯ ಒಂದು ಹೊತ್ತಿನ ಆಡಂಬರವನ್ನು ಬಿಟ್ಟರೆ ಒಬ್ಬರ ಶುಲ್ಕ ಹುಟ್ಟೀತು.

9ನೇ ಶತಮಾನದ ಬಗ್ದಾದ್‌ನಲ್ಲಿದ್ದ ಅಲ್ ಖ್ವಾರಿಝ್ಮಿಯ ಹೆಸರಿನಿಂದಲೇ ‘ಅಲ್ಗಾರಿದಮ್’ ಎಂಬ ಪದ ಹುಟ್ಟಿತೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ಅವರ ಬೀಜಗಣಿತ ಗ್ರಂಥದ ದೊಡ್ಡ ಭಾಗ ವಾರೀಸು ಹಂಚಿಕೆಯ ಲೆಕ್ಕಕ್ಕೆ ಮೀಸಲಾಗಿದೆ ಎಂಬುದನ್ನು ಮಾತ್ರ ಮರೆಯುತ್ತೇವೆ. ಯಾರ ಪಾಲೂ ತಪ್ಪಬಾರದೆಂಬ ಧರ್ಮದ ಆಜ್ಞೆಯನ್ನು ಪಾಲಿಸಲು ಅವರು ಗಣಿತವನ್ನು ಬಳಸಿದರು. ನ್ಯಾಯಕ್ಕೆ ಲೆಕ್ಕ ಬೇಕೆಂದು ಅವರಿಗೆ ಗೊತ್ತಿತ್ತು. ಆ ಹೆಮ್ಮೆಗೆ ನಾವು ಅರ್ಹರಾಗಬೇಕಾದರೆ ಪುಸ್ತಕ ತೆರೆಯಬೇಕು. ಅಲ್ಲಾಹನು ಅನುಗ್ರಹಿಸಲಿ.