ಬುಟ್ಟಿಯಲ್ಲಿ ಬರುವ ದೇವರು



ಗಣಪನ ಹಬ್ಬದ ಕಡುಬು ತಿಂದು ನಾಲ್ಕು ದಿನ ಕಳೆಯಿತೆನ್ನಿ. ಭಾದ್ರಪದ ಶುದ್ಧ ಅಷ್ಟಮಿಗೆ ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಇನ್ನೊಬ್ಬ ದೇವರು ಹುಟ್ಟುತ್ತಾನೆ. ಇವನಿಗೆ ಗುಡಿಯಿಲ್ಲ, ತೇರಿಲ್ಲ. ಮಣ್ಣಿನ ಮೈ, ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಬುಟ್ಟಿಯಲ್ಲಿ ಕೂತು, ಹೆಂಗಸರ ತಲೆಯ ಮೇಲೆ, ಹಾಡಿನೊಡನೆ ಮನೆಮನೆಗೆ ಬರುತ್ತಾನೆ. ಇವನೇ ಜೋಕುಮಾರ. ರಾಯದುರ್ಗ 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಆ ಕಡೆಯ ಹಿರಿಯರಿಗೆ ಇವನ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ಗಣಪ ಭೂಲೋಕಕ್ಕೆ ಬಂದು, ಹೊಟ್ಟೆ ತುಂಬ ಉಂಡು, ಹಿಂದಿರುಗಿ, ಎಲ್ಲರೂ ಸುಖವಾಗಿದ್ದಾರೆ ಎಂದು ಹೇಳಿಬಿಡುತ್ತಾನಂತೆ. ಜೋಕುಮಾರ ಏಳು ದಿನ ಕೇರಿಕೇರಿ ಸುತ್ತುತ್ತಾನೆ. ಬಾಡಿದ ಪೈರು, ಹೊತ್ತದ ಒಲೆ, ಎಲ್ಲವನ್ನೂ ಕಂಡು ಇದ್ದದ್ದನ್ನು ಇದ್ದ ಹಾಗೆ ಶಿವನಿಗೆ ಅರುಹುತ್ತಾನೆ. ಆಗ ಮಳೆಯಾಗುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರದ ನೆಲಕ್ಕೆ ಇಂಥ ಸತ್ಯವಂತನೇ ಬೇಕು! ಪುಂಡನೂ ಹೌದೆನ್ನಿ, ಹೆಣ್ಣುಗಳ ಹಿಂದೆ ಬಿದ್ದು, ಹುಣ್ಣಿಮೆಯ ರಾತ್ರಿಗೆ ಅವನ ಕಥೆ ಮುಗಿಯುತ್ತದೆ. ಬುಟ್ಟಿಗೆ ಜೋಳ ಸುರಿದವರು ಅವನ ಪ್ರಸಾದದ ಬೇವು, ಅಂಬಲಿಗಳನ್ನು ಹೊಲಕ್ಕೆ ಒಯ್ದು ಚೆಲ್ಲುತ್ತಾರೆ. ಪುರೋಹಿತರಿಗೆ ಇಲ್ಲಿ ಕೆಲಸವಿಲ್ಲ.

ಈಗ ಜಪಾನಿಗೊಮ್ಮೆ ಹೋಗಿಬರೋಣ. ಅಷ್ಟು ದೂರವೇಕೆ ಎನ್ನುವಿರಾ? ಜೋಕುಮಾರನ ಹುಣ್ಣಿಮೆಯೇ ಹೆಚ್ಚಿನ ವರ್ಷಗಳಲ್ಲಿ ಅಲ್ಲಿನ 'ತ್ಸುಕಿಮಿ', ಅಂದರೆ ಶರತ್ಕಾಲದ ಚಂದ್ರನನ್ನು ನೋಡುವ ಹಬ್ಬ. 2024ರಲ್ಲಿ ಎರಡಕ್ಕೂ ಸೆಪ್ಟೆಂಬರ್ 17ರ ಚಂದ್ರನೇ. ಅರಮನೆಯವರು ಆ ಚಂದ್ರನಿಗೆ ಕವಿತೆ ಕಟ್ಟಿದರು; ರೈತರು ಹೊಸದಾಗಿ ಅಗೆದ ಕೆಸುವಿನ ಗಡ್ಡೆಯನ್ನು ಎಡೆಯಿಟ್ಟರು. ಗಡ್ಡೆಯ ಹುಣ್ಣಿಮೆ ಎಂಬ ಹೆಸರು ಅಲ್ಲಿ ಇನ್ನೂ ಉಳಿದಿದೆ.

ಬಾಗಿಲಿಗೆ ಬರುವ ದೇವರೂ ಅಲ್ಲಿದ್ದಾನೆ. ಹಿತಾಚಿ ಎಂಬ ಪ್ರಾಂತ್ಯದ ಎಂಟನೆಯ ಶತಮಾನದ ವರ್ಣನೆಯಲ್ಲಿ ಒಂದು ಕಥೆಯಿದೆ. ಹಿರಿಯ ದೈವವೊಂದು ಹೊತ್ತು ಮುಳುಗುವಾಗ ಫುಜಿ ಬೆಟ್ಟಕ್ಕೆ ಬಂದು ರಾತ್ರಿ ತಂಗಲು ಜಾಗ ಕೇಳಿತು. 'ಇಂದು ಹೊಸ ಧಾನ್ಯದ ವ್ರತ, ಹೊರಗಿನವರನ್ನು ಒಳಗೆ ಬಿಡುವಂತಿಲ್ಲ' ಎಂದಿತು ಫುಜಿ. ತ್ಸುಕುಬಾ ಬೆಟ್ಟದಲ್ಲೂ ಅದೇ ವ್ರತ. ಆದರೂ ಅದು ಅತಿಥಿಗೆ ಅನ್ನವಿಟ್ಟಿತು. ಅಂದಿನಿಂದ ಫುಜಿಗೆ ಸದಾ ಹಿಮ, ತ್ಸುಕುಬಾಕ್ಕೆ ಸದಾ ಜನ, ಹಾಡು, ಕುಣಿತ. ಆ ಹೊಸ ಧಾನ್ಯಕ್ಕೆ ಮೂಲದಲ್ಲಿ ಬರೆದಿರುವ ಅಕ್ಷರ ಯಾವುದು ಗೊತ್ತೆ? ನಮ್ಮ ನವಣೆಯದು!

ಪಾವಗಡ, ಶಿರಾಗಳ ಮಗ್ಗುಲಿನ ಮಡಕಶಿರಾದವರಿಗೆ (2022ರಿಂದ ಇದು ಶ್ರೀ ಸತ್ಯಸಾಯಿ ಜಿಲ್ಲೆ) ಇದೇ ಕಾಲದ ಹಿರಿಯರ ಹಬ್ಬವನ್ನು ನೆನಪಿಸಿದರೆ ಸಾಕು. ಮಹಾಲಯದ ಹೊತ್ತಿಗೆ ನಾವು ಎಡೆ ಇಟ್ಟಂತೆ, ಸೆಪ್ಟೆಂಬರ್ 23ರ ಆಸುಪಾಸಿನ ವಾರದಲ್ಲಿ ಜಪಾನಿನವರು ಹಿರಿಯರ ಸಮಾಧಿಗೆ ಹೋಗುತ್ತಾರೆ. ಅದಕ್ಕೆ ಬೌದ್ಧ ಹೆಸರಿದೆ. ಬುದ್ಧ ಹುಟ್ಟಿದ ನಾಡಿನಲ್ಲಿ ಆ ಹಬ್ಬವಿಲ್ಲ.

ನನ್ನ ಚಿಂತೆ ಬೇರೆ. ಕಳೆದ ಶತಮಾನದಲ್ಲಿ ಕಡಲೆಕಾಯಿ ನಮ್ಮ ಜೋಳ, ನವಣೆ, ಸಜ್ಜೆಯ ಹೊಲಗಳನ್ನು ಹಿಡಿಯಿತು. ಅದು ಮಂಡಿಗೆ ಹೋಗುವ ಬೆಳೆ. ಮನೆಯಲ್ಲಿ ಕಾಳು ಕಡಿಮೆಯಾದರೆ ಜೋಕುಮಾರನ ಮೊರವೂ ಹಗುರ, ಹಾಡೂ ಮೊಟಕು. ಗಡಿಯ ಹಾಡಿಗೆ ಇನ್ನೊಂದು ಕಷ್ಟ: ಕನ್ನಡದ್ದೆಂದು ಆಂಧ್ರದವರು, ಆಂಧ್ರದ್ದೆಂದು ಕರ್ನಾಟಕದವರು ಕೈಬಿಟ್ಟಾರು. ಜಪಾನಿನಲ್ಲಿ ಯಾನಗಿತ ಕುನಿಯೊ ಎಂಬ ಸರ್ಕಾರಿ ಅಧಿಕಾರಿ, ತೋನೊ ಎಂಬ ಮೂಲೆಯ ಸೀಮೆಯವನೊಬ್ಬ ಹೇಳಿದ ಕಥೆಗಳನ್ನು ಬರೆದುಕೊಂಡು 1910ರಲ್ಲಿ ಅಚ್ಚು ಹಾಕಿಸಿದ. ಅಲ್ಲಿನ ಜಾನಪದ ಅಧ್ಯಯನಕ್ಕೆ ಅದೇ ತಳಪಾಯವಾಯಿತು.

ಬರುವ ಭಾದ್ರಪದದಲ್ಲಿ ಬುಟ್ಟಿ ನಿಮ್ಮ ಬಾಗಿಲಿಗೆ ಬಂದರೆ, ಕಾಳು ಕೊಟ್ಟು, ಹಾಡುವ ಅವ್ವನನ್ನು ಜಗಲಿಯ ಮೇಲೆ ಕೂರಿಸಿ ಪೂರ್ತಿ ಹಾಡಿಸಿ. ಮನೆಯ ಮಗು ಬರೆದುಕೊಳ್ಳಲಿ. ಕನ್ನಡ ಬರೆಯಲು ಬಾರದಿದ್ದರೆ ತೆಲುಗು ಅಕ್ಷರದಲ್ಲೇ ಬರೆಯಲಿ. ಕೆಳಗೆ ಊರು, ತಾರೀಖು, ಅವ್ವನ ಹೆಸರು ಹಾಕುವುದನ್ನು ಮರೆಯಬೇಡಿ.